ಮೊದಲು ಉಣ್ಣುವವರು

ಬೆಕ್ಕು ಬಟ್ಟಲಿನ ಮುಂದೆ ಕುಳಿತು ರುದ್ರವ್ವನ ಮುಖವನ್ನೇ ನೋಡುತ್ತಿತ್ತು, ಉಣ್ಣುತ್ತಿರಲಿಲ್ಲ. ನಿನ್ನೆ ಸಂಜೆಯೂ ಹೀಗೇ ಮಾಡಿತ್ತು. ಡಬ್ಬಿಯಿಂದ ತೆಗೆದು ಹಾಕಿದ ಮಾಂಸದ ಮುದ್ದೆ ಅಂಚಿನಲ್ಲಿ ಒಣಗತೊಡಗಿತ್ತು. ರುದ್ರವ್ವ ಮೂಗಿಗೆ ಸೆರಗು ಹಿಡಿದು, ಇನ್ನೊಂದು ಕೈಯಿಂದ ಬಟ್ಟಲನ್ನು ಅದರ ಕಡೆ ಸರಿಸಿದಳು. ಲಿಂಗ ಕಟ್ಟಿಕೊಂಡವರ ಮನೆಯೊಳಗೆ ಇಂಥದೊಂದು ಬಟ್ಟಲು ಬಂದದ್ದು ಇದೇ ಮೊದಲು. ಬಂದದ್ದು ಬಂತು, ಖಾಲಿಯಾದರೆ ಸಾಕಾಗಿತ್ತು.

ಬೆಕ್ಕು ಮೇಲಿನ ಮಹಡಿಯ ಲಾವಣ್ಯಾಳದು, ಹೆಸರು ಲಾಡು. ಅದಕ್ಕೆ ಸಕ್ಕರೆ ಕಾಯಿಲೆ. ಧಾರವಾಡದಲ್ಲಿ ತಾಯಿಗೆ ಹೃದಯದ ಆಪರೇಷನ್ ಎಂದು ಫೋನ್ ಬಂದಾಗ ಆ ಹುಡುಗಿ ಬೆಕ್ಕನ್ನು ಎದೆಗವಚಿಕೊಂಡು ನೇರ ಇಲ್ಲಿಗೆ ಇಳಿದು ಬಂದಿದ್ದಳು. ರುದ್ರವ್ವ ಗಂಡನಿಗೆ ದಿನಾ ಇನ್ಸುಲಿನ್ ಸೂಜಿ ಮಾಡುವುದು ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿಗೆಲ್ಲ ಗೊತ್ತಿತ್ತು. ಬೇಡವೆನ್ನಲು ರುದ್ರವ್ವನಿಗೆ ಬಾಯಿ ಬರಲಿಲ್ಲ. ಗಂಡ ಅಣವೀರಪ್ಪ ಮಾತ್ರ ಮಂಚದ ಮೇಲಿಂದಲೇ ನಕ್ಕಿದ್ದ: ‘ಲಾಡು ಅಂತ ಹೆಸರಿಟ್ಟ ಮ್ಯಾಲ ಸಕ್ಕರಿ ಬ್ಯಾನಿ ಬರದೇ ಇರತೈತೇನು?’

ಹೋಗುವಾಗ ಲಾವಣ್ಯಾ ಒಂದೇ ಮಾತನ್ನು ತಿರುತಿರುಗಿ ಹೇಳಿದ್ದಳು. ಅಜ್ಜನಿಗೆ ಸೂಜಿ ಮೊದಲು, ಊಟ ಆಮೇಲೆ. ಲಾಡುವಿಗೆ ಊಟ ಮೊದಲು, ಸೂಜಿ ಆಮೇಲೆ. ಖಾಲಿ ಹೊಟ್ಟೆಗೆ ಸೂಜಿ ಮಾಡಿದರೆ ಅದರ ಜೀವಕ್ಕೇ ಅಪಾಯ. ಹಾಗೆಂದು ಸೂಜಿ ತಪ್ಪಿಸುತ್ತ ಹೋದರೂ ಉಳಿಯುವುದಿಲ್ಲ. ನಿನ್ನೆ ಸಂಜೆಯದು ಆಗಲೇ ತಪ್ಪಿತ್ತು. ಈಗಿನದಕ್ಕೆ ಔಷಧಿ ತುಂಬಿದ ಸೂಜಿ ತಟ್ಟೆಯಲ್ಲಿ ಕಾದಿತ್ತು.

ಅಷ್ಟರಲ್ಲಿ ಫೋನ್ ಬಂತು. ಆಸ್ಪತ್ರೆಯ ಮೂಲೆಯಲ್ಲೆಲ್ಲೋ ನಿಂತು ಮಾತಾಡುತ್ತಿದ್ದಳೆಂದು ಕಾಣುತ್ತದೆ, ಲಾವಣ್ಯಾಳ ದನಿ ಪಿಸುಗುಟ್ಟಿದಂತಿತ್ತು. ತಾಯಿಯನ್ನು ಆಗಷ್ಟೇ ಒಳಗೆ ಕರೆದೊಯ್ದಿದ್ದರು. ಬೆಕ್ಕು ಉಂಡಿಲ್ಲವೆಂದು ಗೊತ್ತಾದಾಗ ಅವಳು ಮೊದಲು ಕೇಳಿದ್ದು ಬೇರೆಯದನ್ನೇ.

‘ಅಜ್ಜಿ, ನೀವು ಖಾನಾ... ಊಟ ಮಾಡಿದ್ರಾ?’

‘ನಂದ್ಯಾಕ ಬಿಡವಾ. ಅದು ಉಂಡಿಲ್ಲ, ಅದರದು ಹೇಳು.’

‘ಅದೇ ಅಜ್ಜಿ. ನಾನು ಹೇಳೋದೇ ಭೂಲ್ ಗಯೀ. ಬಡಿಸಿದವರು ನೆಲದ ಮೇಲೆ ಪಕ್ಕದಲ್ಲಿ ಕೂತು ಮೊದಲು ತಿನ್ಬೇಕು. ಆಮೇಲೇ ಅದು ತಿನ್ನುತ್ತೆ. ಮರಿ ಇದ್ದಾಗಿಂದ ಅದಕ್ಕೆ ಅದೇ ಆದತ್... ಅಭ್ಯಾಸ.’

ಬಡಿಸಿದಾಕೆ ಮೊದಲು ಉಣ್ಣುವುದು. ರುದ್ರವ್ವ ಫೋನ್ ಇಟ್ಟವಳು ಒಲೆಕಟ್ಟೆಗೆ ಆತು ನಿಂತಳು. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಎಲ್ಲರ ಕೈ ತೊಳೆದಾದ ಮೇಲೆಯೇ ಅವಳ ಊಟ, ಅದೂ ಅಡುಗೆಮನೆಯ ಅಡ್ಡಗೋಡೆಯ ಆಚೆ, ಗೋಡೆಗೆ ಮುಖ ಮಾಡಿ. ಅವ್ವ ಕಲಿಸಿದ್ದು ಹಾಗೆ. ಮನೆಯಲ್ಲಿ ಒಂದು ಮೂಕ ಜೀವ ಹಸಿದು ಕೂತಿರುವಾಗ ಅವಳ ಕೈ ತಟ್ಟೆಗೆ ಹೋಗಿರಲಿಲ್ಲ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ನಿನ್ನೆ ಸಂಜೆಯಿಂದ ಅವರಿಬ್ಬರೂ ಉಪವಾಸವಿದ್ದರು.

ಹಸಿವಿಗೆ ತಲೆ ಹಗುರಾಗಿತ್ತು. ಕಿಟಕಿಯಿಂದ ಉಪ್ಪಿನ ಆಗರದ ಗಾಳಿ ಬಂದು ಒಗೆದ ಸೀರೆಯನ್ನು ತುಂಬಿಸುತ್ತಿತ್ತು, ಇಳಿಸುತ್ತಿತ್ತು. ದೂರದಲ್ಲೊಂದು ಲೋಕಲ್ ರೈಲು ನೀರಿನೊಳಗೆ ಹೋದಂತೆ ಹೋಯಿತು. ಬಿಸಿಲು ನೆಲದ ಮೇಲೆ ಉದ್ದಕ್ಕೆ ಪಂಕ್ತಿ ಹಾಸಿದಂತಿತ್ತು, ಅದರಲ್ಲಿ ಮಾವ ಕೂತಂತೆ, ಊರಿಂದ ಕೆಲಸ ಹುಡುಕಿ ಬಂದ ಮೈದುನರು ಕೂತಂತೆ, ಮಕ್ಕಳು ಕೂತಂತೆ. ಎಲ್ಲರೂ ತಟ್ಟೆಯನ್ನು ನೋಡುತ್ತ ಉಂಡರು. ಒಬ್ಬೊಬ್ಬರಾಗಿ ಎದ್ದು ಬಿಸಿಲಿನೊಳಗೇ ಕರಗಿದರು. ಪಂಕ್ತಿಯ ಕೊನೆಗೆ ಬೆಕ್ಕೊಂದೇ ಉಳಿಯಿತು. ಅದು ತಟ್ಟೆಯನ್ನು ನೋಡದೆ ಅವಳನ್ನು ನೋಡುತ್ತಿತ್ತು.

ರುದ್ರವ್ವ ತಟ್ಟೆಗೆ ರೊಟ್ಟಿ, ಪಲ್ಯ ಹಾಕಿಕೊಂಡು ಅಡ್ಡಗೋಡೆಯ ಈಚೆ ಬಂದಳು. ಬೆಕ್ಕಿನ ಪಕ್ಕ ನೆಲಕ್ಕೆ ಕೂತಳು. ಉಣ್ಣಬೇಕೆಂದರೆ ಮೂಗಿನ ಸೆರಗು ಬಿಡಲೇಬೇಕಾಯಿತು, ಬಿಟ್ಟಳು. ಒಂದು ಚೂರು ರೊಟ್ಟಿ ಮುರಿದು, ಲೋಟದ ನೀರಿನಲ್ಲಿ ಅದ್ದಿ, ಮೆತ್ತಗಾಗುವ ತನಕ ಹಿಡಿದು ಬಾಯಿಗಿಟ್ಟಳು. ಬೆಕ್ಕು ಅವಳ ದವಡೆ ಆಡುವುದನ್ನು ನೋಡಿತು. ಆಮೇಲೆ ತಲೆ ತಗ್ಗಿಸಿ ಬಟ್ಟಲಿಗೆ ನಾಲಿಗೆ ಹಾಕಿತು.

ಮಂಚದ ಮೇಲೆ ತನ್ನ ಊಟ ಮುಗಿಸಿದ್ದ ಅಣವೀರಪ್ಪ ಪೇಪರ್ ಕೆಳಗಿಟ್ಟ. ಹೆಂಡತಿ ಉಣ್ಣುವುದನ್ನು ಅವನು ಮೊದಲ ಸಲ ನೋಡುತ್ತಿದ್ದ.

‘ರೊಟ್ಟಿ ನೀರಾಗ ಯಾಕ ಅದ್ದಾಕತ್ತಿ?’

‘ಹಲ್ಲಿಲ್ಲ.’

‘ಹಲ್ಲು ಅದಾವಲ್ಲ, ಕಾಣತಾವಲ್ಲ.’

ಅವಳು ಬೆರಳಿನಿಂದ ಕೆನ್ನೆ ಸರಿಸಿ ತೋರಿಸಿದಳು, ಆಮೇಲೆ ಇನ್ನೊಂದು ಕೆನ್ನೆ. ಮುಂದಿನವು ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಅಣವೀರಪ್ಪನಿಗೆ ರೊಟ್ಟಿ ಖಡಕ್ಕಾಗಿಯೇ ಬೇಕು. ಮೆತ್ತಗಿದ್ದರೆ ತಟ್ಟೆ ಸರಿಸಿ ಎದ್ದುಬಿಡುವವ. ಈ ಮನೆಯಲ್ಲಿ ಬೇರೆ ರೊಟ್ಟಿ ಎಂದೂ ಬೆಂದಿರಲಿಲ್ಲ. ಅವನು ತನ್ನ ತಟ್ಟೆಯಲ್ಲಿ ಉಳಿದ ಗರಿಗರಿ ಚೂರುಗಳನ್ನು ನೋಡಿದ, ಮತ್ತೆ ಅವಳ ಲೋಟವನ್ನು ನೋಡಿದ.

‘ಯಾವಾಗಿಂದ?’

ಅವನ ದನಿಗೆ ಬೆಕ್ಕು ಕಿವಿ ನಿಮಿರಿಸಿ ಬಟ್ಟಲಿನಿಂದ ತಲೆ ಎತ್ತಿತು. ರುದ್ರವ್ವ ತಟ್ಟನೆ ಇನ್ನೊಂದು ತುತ್ತು ಬಾಯಿಗಿಟ್ಟಳು, ಅದು ಮತ್ತೆ ತಗ್ಗುವ ತನಕ ಕಾದಳು.

‘ಸುಮ್ನ ಕೂಡ್ರಿ,’ ಎಂದಳು ಮೆಲ್ಲಗೆ. ‘ಬೆಕ್ಕು ಉಣ್ಣಾಕತ್ತೈತಿ.’