ಹಳೆಯ ಬ್ರೌಸರ್

“ಹೊಸ ಬ್ರೌಸರಲ್ಲೂ ನಿಮ್ಮ ಅರ್ಜಿಯ ಪುಟ ಓಪನ್ ಆಗ್ತಿಲ್ಲ ಅಕ್ಕ,” ಎಂದ ಹೊಸನಗರದ ಮೊಬೈಲ್ ಅಂಗಡಿಯ ಸಚಿನ್. “ಈ ಐಫೋನಲ್ಲಿ ಯಾವ ಬ್ರೌಸರ್ ಹಾಕಿದ್ರೂ ಹೆಸರು ಮಾತ್ರ ಬೇರೆ, ಒಳಗೆ ಪುಟ ತೆರೆಯೋ ಎಂಜಿನ್ ಒಂದೇ.”

“ಹಾಗಾದ್ರೆ ಹಳೇದೇ ಇರ್ಲಿ ಮಾರಾಯ,” ಎಂದಳು ಪ್ರತಿಮಾ.

“ಜಾಗ ಸಾಲ್ಲಿಲ್ಲ ಅಂತ ಅದನ್ನ ತೆಗ್ದಿದ್ದೆ. ಈಗ ವಾಪಸ್ ಹಾಕಿದೀನಿ, ನೋಡಿ.”

ಅವಳು ಫೋನ್ ಕಸಿದುಕೊಂಡಳು. ಅದು ತೀರಿಕೊಂಡ ಗಂಡ ನಾಗೇಂದ್ರನ ಫೋನು. ಅವನು ಕೊನೆಯ ಸಲ ತೆರೆದಿದ್ದ ಪುಟವನ್ನು ಅವಳು ಎರಡು ವರ್ಷದಿಂದ ಮುಚ್ಚಿರಲಿಲ್ಲ. ‘ಹೆಂಡತಿಗೆ ತಲೆನೋವು ಬಂದರೆ ಗಂಡ ಏನು ಮಾಡಬೇಕು’ ಎಂದು ಅವನೇ ಬರೆದು ಹುಡುಕಿದ್ದ ಸಾಲು ಅದರ ಮೇಲ್ಗಡೆ ಇರುತ್ತಿತ್ತು. ಬ್ರೌಸರ್ ತೆಗೆದಾಗ ಆ ಪುಟವೂ ಅಳಿಸಿಹೋಗಿ, ಈಗ ಅಲ್ಲಿ ಹುಡುಕುವ ಖಾಲಿ ಚೌಕವಷ್ಟೇ ಇತ್ತು.

“ಎಂತ ಹುಡುಕ್ಬೇಕಿತ್ತು ಹೇಳಿ ಅಕ್ಕ, ಒಂದು ನಿಮಿಷದಲ್ಲಿ ಸಿಗ್ತದೆ.”

ಅವಳು ‘ಹೆಂಡತಿಗೆ’ ಎಂದು ಬರೆದಳು. ಬೆರಳು ಮುಂದೆ ಹೋಗಲಿಲ್ಲ.