ಸದ್ದು ಮಾಡದ ಸೈಕಲ್ಲು

"ಇದೂ ಬ್ಯಾಡ್ರಿ," ಎಂದು ಪಾಂಡಪ್ಪ ಸೀಟಿನ ಕೆಳಗಿನಿಂದ ಕೈ ತೆಗೆದ.

ಅದು ಆ ದಿನದ ಆರನೆಯ ಸೈಕಲ್ಲು. ಗದಗಿನಲ್ಲಿ ಹಳೆಯ ಸೈಕಲ್ ಮಾರುವ ಫಕ್ರುಸಾಬ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ನಿಟ್ಟುಸಿರು ಬಿಟ್ಟ. ಬೆಟಗೇರಿಯ ಈ ನೇಕಾರ ವರ್ಷಕ್ಕೆ ಎರಡು ಮೂರು ಸಲವಾದರೂ ಬರುತ್ತಿದ್ದ. ಬಂದವನು ಬಾಗಿಲಲ್ಲಿ ನಿಂತಿರುತ್ತಿದ್ದ ಫಕ್ರುಸಾಬನ ಸ್ವಂತ ಹಸಿರು ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ ನೇತುಹಾಕುತ್ತಿದ್ದ, ಮಾರಾಟಕ್ಕಿದ್ದವನ್ನು ಒಂದೊಂದಾಗಿ ನೋಡುತ್ತಿದ್ದ, ಬರಿಗೈಯಲ್ಲಿ ಹೋಗುತ್ತಿದ್ದ. ಗಾಲಿ ತಿರುಗಿಸುತ್ತಿರಲಿಲ್ಲ, ಚೈನು ಮುಟ್ಟುತ್ತಿರಲಿಲ್ಲ. ಸೀಟಿನ ಕೆಳಗೆ ಕೈ ಹಾಕಿ ಸ್ಪ್ರಿಂಗು ಸವರುತ್ತಿದ್ದ, ಅಷ್ಟೇ. ಹತ್ತಿ ಒಂದು ಸುತ್ತು ಹೊಡೆಯುವುದಂತೂ ದೂರದ ಮಾತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಲ್ಲೂ ಇದೇ ಕತೆ. ಇವನು ಕಳುವಾದ ಸೈಕಲ್ ಹುಡುಕುವ ಪೊಲೀಸರ ಮನುಷ್ಯ ಎಂದು ಲಕ್ಷ್ಮೇಶ್ವರದ ಅಂಗಡಿಯ ಅಲ್ಲಾಸಾಬ ಒಮ್ಮೆ ಎಚ್ಚರಿಸಿದ್ದ. ಫಕ್ರುಸಾಬ ನಂಬಿರಲಿಲ್ಲ. ಪ್ರತಿ ಸೈಕಲ್ಲನ್ನು ಬೇಡ ಎನ್ನುವಾಗ ಪಾಂಡಪ್ಪನ ಮುಖ ಅರಳುವುದನ್ನು ಅವನು ಕಣ್ಣಾರೆ ಕಂಡಿದ್ದ. ಖರ್ಚು ತಪ್ಪಿತೆಂದು ಹಾಗೆ ಅರಳುವ ಮುಖ ಜಿಪುಣನದೇ ಎಂದು ತೀರ್ಮಾನಿಸಿದ್ದ.

"ಪಾಂಡಪ್ಪಣ್ಣ, ನಿಮಗ ಎಂಥಾ ಸೈಕಲ್ ಬೇಕು, ಬಾಯಿಬಿಟ್ಟು ಹೇಳ್ರಿ. ತೆಳು ಟಾಯರಿಂದು ತೋರಿಸಿದೆ, ಬ್ಯಾಡ ಅಂದ್ರಿ. ದಪ್ಪಂದು ತೋರಿಸಿದೆ, ಅದೂ ಬ್ಯಾಡ."

"ಮಗ ಹತ್ತೋ ಸೈಕಲ್ರಿ. ದಿನಾ ಬೆಟಗೇರಿಯಿಂದ ಗದಗಿಗೆ ಬಂದು ನೂಲು ಒಯ್ಯಾಕ ಬರತೈತಿ. ಹಿರೇವಡ್ಡಟ್ಟಿ ಕಡೆ ಎರಿಮಣ್ಣಿನ ದಾರ್ಯಾಗೂ ಹೂತಕೊಳ್ಳಂಗಿಲ್ಲ. ಭಾಳ ತುಟ್ಟೀದಲ್ಲ. ಸೀಟು ಕಿರ್ ಅನ್ನಂಗಿಲ್ಲ."

"ಇಷ್ಟಕ್ಕ ಇಷ್ಟು ವರ್ಷ ಬೇಕೇನ್ರಿ? ಮಗನ್ನ ಕರ್ಕೊಂಡು ಬರ್ರಿ. ಅಂವನ ಕುಂತು ನೋಡಲಿ."

"ಅಂವ ಮುಂಡರಗಿ ಕಡೆ ಹೋಗ್ಯಾನ್ರಿ. ಬರ್ತಾನ." ಪಾಂಡಪ್ಪ ಏಳನೆಯ ಸೈಕಲ್ಲಿನತ್ತ ಹೊರಳಿದ. "ಅವನ ಮಗ್ಗದ ಮ್ಯಾಲೆ ಅರ್ಧಾ ಸೀರಿ ಹಂಗ ಐತಿ. ಅಂವ ಬಂದು ನೇಯ್ದು ಮುಗಸ್ತಾನ ಅಂತ ಅವರವ್ವ ಯಾರಿಗೂ ಮುಟ್ಟಗೊಡಂಗಿಲ್ಲ."

"ನೀವು ಪ್ರತಿ ಸಲ ಬರಿಗೈಲೆ ಮನಿಗೆ ಹೋದ್ರ ಆಕೀ ಬೈಯಂಗಿಲ್ಲೇನ್ರಿ?"

"ಇಲ್ರಿ. ಸಿಹಿ ಸಜ್ಜಕ ಮಾಡ್ತಾಳ."

ಫಕ್ರುಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನಿಗೆ ತಕ್ಕ ಹೆಂಡತಿ! ಪಾಂಡಪ್ಪನೂ ನಕ್ಕ. ನಗುತ್ತಲೇ ಏಳನೆಯದರ ಸ್ಪ್ರಿಂಗು ಸವರಿ ಅದನ್ನೂ ಬೇಡವೆಂದ.

"ಇನ್ನ ನಿಮಗ ತ್ರಾಸು ಕೊಡಂಗಿಲ್ರಿ ಸಾಹೇಬ್ರ. ನಾಕೂ ಊರು ಮುಗದ್ವು. ಇಲ್ಲೂ ಸಿಗಲಿಲ್ಲ ಅಂದ್ರ ಇದ ಕಡೀ ಸಲ, ಹುಡುಕೋದು ಸಾಕು ಅಂತ ನಮ್ಮ ರತ್ನವ್ವ ಅಂದಾಳ."

ಅವನು ಚೀಲ ತೆಗೆದುಕೊಳ್ಳಲು ಬಾಗಿಲಿಗೆ ಬಂದ. ಹೊರಗೆ ಮೆರವಣಿಗೆ ಸಾಗಿತ್ತು. ಅಂದು ೧೯೫೬ರ ನವೆಂಬರ್ ಒಂದು. ಮುಂಬಯಿ ಸೀಮೆಯ ಗದಗ, ಮೊದಲು ನಿಜಾಮನ ಕೈಯಲ್ಲಿದ್ದ ಕೊಪ್ಪಳ, ಎಲ್ಲ ಒಂದೇ ರಾಜ್ಯಕ್ಕೆ ಸೇರಿದ ದಿನ. ಫಕ್ರುಸಾಬ ಬೆಳಗಿನಿಂದ ಬಂದವರಿಗೆಲ್ಲ ಪೇಡೆ ಹಂಚಿದ್ದ. ಇಂಥ ದಿನ ವಯಸ್ಸಾದ ಮನುಷ್ಯನೊಬ್ಬ ತನ್ನ ಅಂಗಡಿಯಿಂದ ಬರಿಗೈಯಲ್ಲಿ ಹೋಗುವುದು ಅವನ ಮನಸ್ಸಿಗೆ ಒಗ್ಗಲಿಲ್ಲ. ಜಿಪುಣನಾದರೇನು, ಮಗನ ಮೇಲೆ ಪ್ರೀತಿಯಿದೆಯಲ್ಲ.

"ನಿಲ್ರಿ. ನಂದು ತಗೊಂಡು ಹೋಗ್ರಿ," ಎಂದು ಹಸಿರು ಸೈಕಲ್ಲಿನ ಮೇಲೆ ಕೈಯಿಟ್ಟ. "ನೀವು ಹೇಳಿದ್ದೆಲ್ಲಾ ಇದರಾಗ ಐತಿ. ಊರಾಗ ಹಗೂರ, ಎರಿ ದಾರ್ಯಾಗ ಗಟ್ಟಿ, ಸಪ್ಪಳ ಇಲ್ಲ. ನಿಮಗ ತಿಳಿದಷ್ಟು ಕೊಡ್ರಿ. ಇನ್ನ ಗಡೀನೂ ಇಲ್ಲ, ನಾಕಾನೂ ಇಲ್ಲ. ನಿಮ್ಮ ಮಗ ಮುಂಡರಗಿ ದಾಟಿ ಸೀದಾ ಕೊಪ್ಪಳಕ್ಕ ಹೋಗಲಿ."

ಪಾಂಡಪ್ಪ ಚೀಲ ಹಿಡಿದು ನಿಂತೇ ಇದ್ದ. "ಇದು ನಿಮಗ ಎಲ್ಲಿ ಸಿಕ್ಕಿತ್ರಿ?"

"ಮುಂಡರಗ್ಯಾಗ. ಏಳು ವರ್ಷ ಆತು. ಹೊಳಿ ನೀರು ಇಳಿದಾಗ ಕೆಸರಾಗ ಸಿಕ್ಕಿತ್ತಂತ. ಯಾರೂ ಕೇಳಾಕ ಬರಲಿಲ್ಲಂತ ಹರಾಜಿಗೆ ಇಟ್ಟಿದ್ರು. ಕರೀದಿತ್ತು, ಹಸರ ಬಣ್ಣ ನಾ ಹಚ್ಚೀನಿ. ಸೀಟಿನ ತೊಗಲೂ ಹೊಸಾದು. ಸ್ಪ್ರಿಂಗು ಮಾತ್ರ ಮೊದಲಿಂದು, ಅದಕ್ಕ ನಾ ಕೈ ಹಚ್ಚಿಲ್ಲ."

ಬಹಳ ಹೊತ್ತು ಪಾಂಡಪ್ಪ ಸೀಟಿನ ಕೆಳಗೆ ಕೈ ಹಾಕಲಿಲ್ಲ. ಆಮೇಲೆ ಹಾಕಿದ. ಹಾಕಿದ ಕೈ ಅಲ್ಲೇ ಉಳಿಯಿತು. ಈ ಸಲ ಅವನ ಮುಖ ಅರಳಲಿಲ್ಲ.

"ಇದನ್ನೂ ಬ್ಯಾಡ ಅಂತೀರೇನ್ರಿ?"

"ಇಲ್ರಿ. ಇದ ಐತಿ."

ಧೋತರದ ಅಂಚಿನ ಗಂಟು ಬಿಚ್ಚಿ, ಇದ್ದುದನ್ನೆಲ್ಲ ಎಣಿಸದೆ ಫಕ್ರುಸಾಬನ ಕೈಯಲ್ಲಿಟ್ಟ. ಸೈಕಲ್ ಹತ್ತಲಿಲ್ಲ, ಮೆರವಣಿಗೆಯ ಜನರ ನಡುವೆ ತಳ್ಳಿಕೊಂಡು ಹೋದ. ಕೈಯಿಂದ ದುಡ್ಡು ಬಿಟ್ಟಿತೆಂದು ಜಿಪುಣ ನಡುರಸ್ತೆಯಲ್ಲಿ ಅಳುತ್ತಾ ಹೋದ ಎಂದು ಫಕ್ರುಸಾಬ ಪಕ್ಕದ ಚಹಾದಂಗಡಿಯಲ್ಲಿ ಹೇಳಿ ನಕ್ಕ. ಪಾಪ, ಅವನಿಗೇನು ಗೊತ್ತು.

ಬೆಟಗೇರಿಯಲ್ಲಿ ರತ್ನವ್ವ ಸಜ್ಜಕಕ್ಕೆ ನೀರಿಟ್ಟಿದ್ದಳು. ಕಡೆಯ ಸಲವೆಂದು ಬೆಲ್ಲವನ್ನು ಹೆಚ್ಚಾಗಿಯೇ ಕುಟ್ಟಿದ್ದಳು. ಗಂಡ ಸೈಕಲ್ ತಳ್ಳಿಕೊಂಡು ಬಂದ. ಅವಳು ಹತ್ತಿರ ಬಂದು ತಾನೂ ಸೀಟಿನ ಕೆಳಗೆ ಕೈ ಹಾಕಿದಳು. ಒಳಗೆ ಹೋಗಿ ಒಲೆ ಆರಿಸಿದಳು. ಕತ್ತರಿ ಹುಡುಕಿ ತಂದು, ಎಂಟು ವರ್ಷದಿಂದ ಮಗನಿಗಾಗಿ ಕಾದಿದ್ದ ಅರ್ಧ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದಳು.

ನಿಜಾಮನ ಗಡಿಯನ್ನು ಕದ್ದು ದಾಟುವಾಗ ಮಗನ ಸೈಕಲ್ಲು ಸದ್ದು ಮಾಡದಿರಲೆಂದು ಅದೇ ಸೀರೆಯ ಕೆಂಪು ನೂಲು ತೆಗೆದು ಸ್ಪ್ರಿಂಗಿಗೆ ಸುತ್ತಿ ಗಂಟು ಹಾಕಿದವಳು ಅವಳೇ. ಆ ಗಂಟು ಯಾವ ಅಂಗಡಿಯಲ್ಲೂ ಸಿಗದೆ ಇದ್ದಷ್ಟು ದಿನ ಮಗ ಎಲ್ಲೋ ಬದುಕಿದ್ದ.