ಗೋಪುರದ ಬುಡದಲ್ಲಿ

"ತಲೆ ಎತ್ತಬೇಡ ತಾಯಿ! ಮಗಳನ್ನ ಮನೇಲಿ ದಿನಾ ನೋಡ್ತೀಯಲ್ಲ, ಸಾಲದಾ?" ಎಂದು ಹಿಂದಿನಿಂದ ಮುದುಕ ಕಿಮೆತ್ ಗದರಿದ. ಮಿರೆಲಾ ರೊಮೇನಿಯಾ ಬಿಟ್ಟು ಸ್ಪೇನಿನ ಈ ಊರಿಗೆ ಬಂದು ಆರು ವರ್ಷವಾಗಿತ್ತು. ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಟ್ಟುವ ಹಬ್ಬದ ಮನುಷ್ಯಗೋಪುರದ ಬುಡದಲ್ಲಿ ಇನ್ನೂರು ಜನರ ನಡುವೆ ಅವಳು ಒತ್ತಿಕೊಂಡು ನಿಂತದ್ದು ಇದೇ ಮೊದಲು. ಅವಳ ಏಳು ವರ್ಷದ ದಾರಿಯಾ ಹೆಗಲಿಂದ ಹೆಗಲಿಗೆ ಹತ್ತಿ, ತುದಿಯಲ್ಲಿ ಕೈ ಎತ್ತಬೇಕಿತ್ತು. ಕೈ ಎತ್ತಿದೊಡನೆ ಓಲಗದ ರಾಗ ಬದಲಾಗುತ್ತದೆ; ಬುಡದಲ್ಲಿ ತಲೆ ತಗ್ಗಿಸಿ ನಿಂತವರಿಗೆ ಅದೇ ಗುರುತು.

ರಾಗ ಬದಲಾಗಲಿಲ್ಲ. ಮುಂದಿದ್ದವಳ ಬೆನ್ನಿಗೆ ಊರಿದ್ದ ಮಿರೆಲಾಳ ಅಂಗೈಗೆ ಮೇಲಿನಿಂದ ಸಣ್ಣ ನಡುಕವೊಂದು ಇಳಿದು ಬಂತು. ಚೌಕದ ಗದ್ದಲ ಅಡಗಿತು. ಓಲಗವೂ ಅರ್ಧಕ್ಕೆ ನಿಂತಿತು. ಬಹಳ ಎತ್ತರದಿಂದ "ಅಮ್ಮಾ!" ಎಂಬ ಕೂಗು ಕೇಳಿಸಿತು.

ಹೊರಗೆ ಓಡಲು ಮಿರೆಲಾ ಕೊಸರಿಕೊಂಡಳು. ಕಿಮೆತ್ ಅವಳ ಕತ್ತು ಹಿಡಿದು ಬಗ್ಗಿಸಿದ. "ಎಲ್ಲಿಗ್ ಹೋಗ್ತೀಯಾ? ಮೇಲೆ ನೋಡಿದ್ರೆ ಬೀಳೋರು ತಗುಲಿ ನಿನ್ ಕತ್ತೇ ಮುರಿಯುತ್ತೆ. ಬಿದ್ರೆ ಅವಳು ನಮ್ಮ ಮೇಲೇ ಬೀಳ್ಬೇಕು, ಕಲ್ಲಿನ ಮೇಲಲ್ಲ. ಜಾಗ ಬಿಡಬೇಡ." ಈ ಸಲ ಅವನ ದನಿಯಲ್ಲಿ ಗದರಿಕೆಯಿರಲಿಲ್ಲ.

ಮಿರೆಲಾ ಕಣ್ಣು ಮುಚ್ಚಿ, ತನ್ನ ಹೆಗಲುಗಳನ್ನು ಆದಷ್ಟು ಅಗಲಿಸಿದಳು.